ಹೃದಯದ ನಾಳಗಳೂ ರಕ್ತದೊತ್ತಡದ ಗುಳಿಗೆಯೂ

ಹೃದಯವು ತನ್ನೊಳಗೆ ತುಂಬಿಕೊಳ್ಳುವ ರಕ್ತದಿಂದಲೇ ಪೋಷಣೆಯನ್ನು ಪಡೆಯುವುದೆಂದು ಅನೇಕರು ತಿಳಿದಿರುವರು. ವಸ್ತುಸ್ಥಿತಿ ಹಾಗಿಲ್ಲ. ಮಹಾಧಮನಿಯು ಹೃದಯದಿಂದ ಹೊರಡುವ ಎಡೆಯಲ್ಲಿಯೇ ಎರಡು ಸಣ್ಣ ಧಮನಿಗಳು ಕವಲೊಡೆದು, ಹೃದಯದ ಹೊರಮೈಯನ್ನು ಬಳಸಿ, ಅದರ ಸ್ನಾಯುವಿಗೆ ರಕ್ತವನ್ನು ಉಣಿಸುತ್ತವೆ. ಈ ಹೃದಯಧಮನಿಗಳ ಗೋಡೆಯು ರಬ್ಬರಿನ ಕೊಳವೆಯಂತೆ ನಿರ್ಜೀವವಾದುದಲ್ಲ. ಬಳೆಗಳಂತೆ ಸುತ್ತಿಕೊಂಡ ಸ್ನಾಯುತಂತುಗಳು ಅದರಲ್ಲಿವೆ. ಅವು ಬಿಗಿದರೆ ದಾರಿಯು ಕಿರಿದಾಗುವುದು, ಸಡಿಲಿದರೆ ಹಿರಿದಾಗುವುದು.

ಬಿಗಿಯಲು ಬೇಕಾದ ಪ್ರೇರಣೆಯನ್ನು ಕೊಡುವುದು ಸುಣ್ಣದಲ್ಲಿರುವ ಕ್ಯಾಲ್ಸಿಯಂ. ಸ್ನಾಯುವಿಗೂ ಇದಕ್ಕೂ ಇರುವ ಸಂಬಂಧವು ಗೊತ್ತಾದ ಬಗೆ ಸ್ವಾರಸ್ಯವಾದುದು. 1880ರ ದಶಕದ ಆರಂಭದಲ್ಲಿ ಲಂಡನ್ನಿನ ವೈದ್ಯರಾದ ಸಿಡ್ನಿ ರಿಂಗರರು ಕಪ್ಪೆಯ ಹೃದಯವನ್ನು ಉಪ್ಪಿನ ದ್ರಾವಣದಲ್ಲಿರಿಸಿ ಪರೀಕ್ಷಿಸುತ್ತಿದ್ದರು. ಅದು ಬಹಳ ಹೊತ್ತು ಮಿಡಿಯುತ್ತಿತ್ತು. ದ್ರಾವಣವನ್ನು ನಲ್ಲಿಯ ನೀರಿನಿಂದ ಮಾಡಲಾಗಿತ್ತೆಂದು ತಿಳಿದಾಗ ಅವರು ಭಟ್ಟಿಯಿಳಿಸಿದ ಶುದ್ಧಜಲವನ್ನು ಬಳಸಿ ನೋಡಿದರು. ಮಿಡಿತವು ಕುಗ್ಗುತ್ತ ಬಂದು ನಿಂತೇ ಹೋಯಿತು! ನಲ್ಲಿಯ ನೀರಿನಲ್ಲಿದ್ದ ಕ್ಯಾಲ್ಸಿಯಮ್ಮನ್ನು ಕೂಡಿಸಿದಾಗ ಹೃದಯವು ಮರಳಿ ಮಿಡಿಯಿತು. ನೀರಿನ ಶುದ್ಧತೆಯೇ ಮುಳುವಾದ ವಿಚಿತ್ರವಿದು.

1960ರ ದಶಕದಲ್ಲಿ ಜರ್ಮನಿಯ ಫ್ರೈಬುರ್ಗ್ ನಗರದ ಆಲ್ಬ್ರೆಕ್ಟ್ ಫ್ಲೆಕೆನ್‌ಸ್ಟೈನರು, ಕೆಲವು ಔಷಧಗಳು ಕ್ಯಾಲ್ಸಿಯಂ ಇಲ್ಲದಂತಹ ಸ್ಥಿತಿಯನ್ನೇ ಸ್ನಾಯುವಿನಲ್ಲಿ ಉಂಟುಮಾಡುವುದನ್ನು ಕಂಡುಕೊಂಡರು. ಸ್ನಾಯುಕೋಶದ ಪೊರೆಯಲ್ಲಿ ಕ್ಯಾಲ್ಸಿಯಂ ಒಳಹೋಗುವ ಬಾಗಿಲುಗಳಿವೆ. ಔಷಧವು ಅವನ್ನು ತಡೆಯುತ್ತದೆ. ಇಂದು ಅನೇಕ ಮನೆಗಳಲ್ಲಿ ಹಿರಿಯರು ಸೇವಿಸುವ ಆಮ್ಲೋಡಿಪಿನ್ ಈ ವರ್ಗಕ್ಕೆ ಸೇರಿದುದು. ಅದರಿಂದ ದೇಹದ ಸಣ್ಣ ಧಮನಿಗಳು ಹಿಗ್ಗಿ ಒತ್ತಡವು ಇಳಿಯುವುದು, ಹೃದಯಧಮನಿಗಳೂ ಹಿಗ್ಗುವವು. (ರಕ್ತದೊತ್ತಡದ ಎಲ್ಲ ಔಷಧಗಳೂ ಹೀಗಲ್ಲ. ಕೆಲವು ಉಪ್ಪುನೀರನ್ನು ಮೂತ್ರದ ಮೂಲಕ ಹೊರದೂಡುತ್ತವೆ. ಕೆಲವು ಹೃದಯದ ವೇಗವನ್ನು ತಗ್ಗಿಸುತ್ತವೆ.)

ಹಿಗ್ಗುವುದು ಅತ್ಯಲ್ಪವಾದರೂ ಫಲವು ಅಲ್ಪವಲ್ಲ. ವಿದ್ಯಾರ್ಥಿಗಳು ಲೆಕ್ಕ ಮಾಡಿ ನೋಡಲಿ. ಕೊಳವೆಯಲ್ಲಿನ ಹರಿವು ತ್ರಿಜ್ಯದ ನಾಲ್ಕನೆಯ ಘಾತಕ್ಕೆ ಅನುಗುಣವಾಗಿರುವುದು. ತ್ರಿಜ್ಯವು ಹತ್ತರಲ್ಲೊಂದು ಪಾಲು ಹೆಚ್ಚಿದರೆ, 1.1 × 1.1 × 1.1 × 1.1, ಅಂದರೆ, ಒತ್ತಡವು ಅಷ್ಟೇ ಇದ್ದಲ್ಲಿ, ಹರಿವು ಶೇಕಡಾ 46ರಷ್ಟು ಹೆಚ್ಚುವುದು!

ಆದರೆ ನಾಳದೊಳಗೆ ಕಟ್ಟಿಕೊಂಡ ಕೊಬ್ಬನ್ನು ಈ ಗುಳಿಗೆ ತೊಳೆದುಹಾಕದು. ಗೋಡೆಯನ್ನು ಸಡಿಲಿಸುವುದಷ್ಟೇ ಅದರ ಕೆಲಸ. ಔಷಧವು ರಕ್ತದಿಂದ ಕಳೆದುಹೋದಂತೆ ಸ್ನಾಯು ಮತ್ತೆ ಬಿಗಿಯುವುದು. “ಒತ್ತಡವು ಸರಿಹೋಯಿತು, ಇನ್ನೇಕೆ ಗುಳಿಗೆ?” ಎಂದು ಬಿಟ್ಟುಬಿಡುವವರು ಇದನ್ನು ಮರೆಯುವರು, ಸರಿಹೋದುದು ಗುಳಿಗೆಯ ಬಲದಿಂದಲ್ಲವೆ? ಇನ್ನು ಕೆಲವರು ಪಾದಗಳು ಬಾತುಕೊಂಡುವೆಂದು ಹೆದರಿ ಬಿಡುವರು. ಸಣ್ಣ ಧಮನಿಗಳು ಹಿಗ್ಗಿದಾಗ ಕಾಲಿನಲ್ಲಿ ನೀರು ಸ್ವಲ್ಪ ಜಿನುಗುವುದುಂಟು. ಅದನ್ನು ವೈದ್ಯರಿಗೆ ತಿಳಿಸಬೇಕು. ಪ್ರಮಾಣವನ್ನು ತಗ್ಗಿಸಲೂ, ಬೇರೆ ಔಷಧವನ್ನು ಕೊಡಲೂ ಅವರಿಗೆ ದಾರಿಗಳುಂಟು.