ಯಾವ ಸಾಲಿ, ತಮ್ಮಾ?

ಕರ್ಜಗಿ ಕಡೆಯ ಹಿರಿಯರಿಗೆ ಅಂಗನವಾಡಿಯಿಂದ ಎಂ.ಟೆಕ್‌ವರೆಗೆ ಎಲ್ಲವೂ ‘ಸಾಲಿ’ಯೇ. ಬೆಳಿಗ್ಗೆ ಹೆಗಲಿಗೆ ಬ್ಯಾಗು ಹಾಕಿಕೊಂಡು ಹಾವೇರಿ ಬಸ್ಸಿಗೆ ನಿಂತ ಹುಡುಗನನ್ನು ‘ಯಾವ ಸಾಲಿ, ತಮ್ಮಾ?’ ಎಂದು ಕೇಳಿದರೆ ಅವನು ‘ಜಿ.ಎಚ್.’ ಎನ್ನುತ್ತಾನೆ. ಕೇಳಿದವರು ಎಪ್ಪತ್ತು ದಾಟಿದವರಾದರೆ ‘ಹಂಗಂದ್ರ ಹಳ್ಳಿಕೇರಿಯವರ ಕಾಲೇಜೇನು?’ ಎಂದು ಮರುಪ್ರಶ್ನೆ. ಹುಡುಗ ಹೂಂ ಎನ್ನುತ್ತಾನೆ, ಮೊಬೈಲ್ ನೋಡುತ್ತಲೇ.

ಕಾಲೇಜು ಒಂದೇ. ಒಬ್ಬರ ಕಿವಿಗೆ ಅದು ಎರಡು ಅಕ್ಷರ, ಇನ್ನೊಬ್ಬರ ಕಿವಿಗೆ ಒಬ್ಬ ಮನುಷ್ಯ. ಗುದ್ಲೆಪ್ಪ ಹಳ್ಳಿಕೇರಿ ದೂರದವರೇನಲ್ಲ. ವರದಾ ದಂಡೆಯ ಹೊಸರಿತ್ತಿಯವರು, ಸ್ವಾತಂತ್ರ್ಯ ಚಳವಳಿಯಲ್ಲಿ ಜೈಲು ಕಂಡವರು, ಮುಂದೆ ವಿಧಾನ ಪರಿಷತ್ತಿನ ಸಭಾಪತಿಯಾದವರು. ಕೆಎಲ್‌ಇ ಸಂಸ್ಥೆಯ ಹಾವೇರಿ ಕಾಲೇಜಿಗೆ ಅವರ ಹೆಸರಿದೆ. ಆ ಹೆಸರು ಬಾಯಿಂದ ಬಾಯಿಗೆ ಹೋಗುತ್ತ ಹೋಗುತ್ತ ಎರಡು ಇಂಗ್ಲಿಷ್ ಅಕ್ಷರಗಳಾಗಿ ನಿಂತಿದೆ. ಮಹನೀಯರ ಹೆಸರನ್ನು ಮೊಟಕು ಮಾಡಿದರಲ್ಲ ಎಂದು ಹಳಹಳಿಸುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ದಿನಕ್ಕೆ ಹತ್ತು ಸಲ ಬಾಯಿಗೆ ಬರುವ ಹೆಸರು ಸವೆಯಲೇಬೇಕು. ಸವೆಯದೆ ಉಳಿಯುವುದು ಕಲ್ಲಿನ ಫಲಕದ ಮೇಲಿನ ಹೆಸರು ಮಾತ್ರ, ಅದನ್ನು ಓದುವವರು ಕಡಿಮೆ.

ಅಕ್ಷರಗಳಿಂದ ಇನ್ನೊಂದು ಉಪಕಾರವೂ ಇದೆ, ಇದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ನಮ್ಮ ಭಾಗದ ಬಹುಪಾಲು ಹಳೆಯ ಶಿಕ್ಷಣ ಸಂಸ್ಥೆಗಳು ಒಂದು ಮಠದ್ದು, ಇಲ್ಲವೇ ಒಂದು ಸಮಾಜದ್ದು. 1916ರಲ್ಲಿ ಬೆಳಗಾವಿಯಲ್ಲಿ ಹುಟ್ಟಿದ ಕೆಎಲ್‌ಇಯ ‘ಎಲ್’ ಲಿಂಗಾಯತ. ರಾಣೆಬೆನ್ನೂರಿನ ಇಂಜಿನಿಯರಿಂಗ್ ಕಾಲೇಜಿನ ಎಸ್‌ಟಿಜೆಐಟಿಯಲ್ಲಿ ಶ್ರೀ ತರಳಬಾಳು ಜಗದ್ಗುರುಗಳಿದ್ದಾರೆ. ಪೂರ್ತಿ ಹೆಸರು ಹೇಳಿದರೆ ಕೇಳಿದವರ ಮನಸ್ಸು ಯಾವ ಮಠ, ಯಾರ ಪೈಕಿ ಎಂದು ಲೆಕ್ಕ ಹಾಕತೊಡಗುತ್ತದೆ. ಅಕ್ಷರ ಹೇಳಿದರೆ ಆ ಲೆಕ್ಕಕ್ಕೆ ಅವಕಾಶವಿಲ್ಲ. ಎಲ್ಲ ಓಣಿಯ ಹುಡುಗರೂ ‘ನಾವು ಎಸ್‌ಟಿಜೆ’ ಎಂದು ನಿರಾಳವಾಗಿ ಹೇಳಿಕೊಳ್ಳುತ್ತಾರೆ. ‘ತರಳಾ, ಬಾಳು’ ಎಂದು ಗುರು ಶಿಷ್ಯನಿಗೆ ಹರಸಿದ ಮಾತೇ ಆ ಪೀಠದ ಹೆಸರಾಯಿತು ಎನ್ನುವುದು ಪರಂಪರೆಯ ನಂಬಿಕೆ. ಸೆಮಿಸ್ಟರ್ ಪರೀಕ್ಷೆಯ ಹೊತ್ತಿಗೆ ನೆನೆಯಬೇಕಾದ ಹರಕೆ!

ಆದರೆ ಅಕ್ಷರ ಊರು ದಾಟಿದರೆ ಅರ್ಥವೂ ಬದಲಾಗುತ್ತದೆ. ಕರ್ಜಗಿಯಲ್ಲಿ ಜೆಎಸ್‌ಎಸ್ ಎಂದರೆ ಧಾರವಾಡದ ವಿದ್ಯಾಗಿರಿ, ಜನತಾ ಶಿಕ್ಷಣ ಸಮಿತಿ. ಮೈಸೂರಿನಲ್ಲಿ ಅದೇ ಮೂರು ಅಕ್ಷರ ಸುತ್ತೂರು ಮಠದ ಜಗದ್ಗುರು ಶ್ರೀ ಶಿವರಾತ್ರೀಶ್ವರ ಮಹಾವಿದ್ಯಾಪೀಠ. ವೈದ್ಯಕೀಯ ಕಾಲೇಜುಗಳದ್ದಂತೂ ದೊಡ್ಡ ಗೊಂದಲ. ‘ಹಿಮ್ಸ್’ ಹಾಸನದಲ್ಲಿ ಮೊದಲೇ ಇತ್ತು, ಈಗ ಹಾವೇರಿಯಲ್ಲೂ ಆಗಿದೆ. ಕಿಮ್ಸ್ ಎಂದರೆ ನಮಗೆ ಹುಬ್ಬಳ್ಳಿ, ಬೆಂಗಳೂರಿನವರಿಗೆ ಕೆಂಪೇಗೌಡ, ಕೊಪ್ಪಳದವರಿಗೆ ಕೊಪ್ಪಳ. ಹುಬ್ಬಳ್ಳಿಯ ಕಥೆ ಇನ್ನೂ ಸ್ವಾರಸ್ಯ. 1957ರಲ್ಲಿ ಕರ್ನಾಟಕ ಮೆಡಿಕಲ್ ಕಾಲೇಜು ಎಂದು ಶುರುವಾಗಿ ‘ಕೆಎಂಸಿ’ ಎನಿಸಿಕೊಂಡಿತು, ತೊಂಬತ್ತರ ದಶಕದಲ್ಲಿ ಕಿಮ್ಸ್ ಆಯಿತು, ಈಚೆಗೆ ಮತ್ತೆ ಕೆಎಂಸಿ-ಆರ್‌ಐ ಆಗಿದೆ. ಹಳ್ಳಿಯ ಮುದುಕಿಯರು ನಡುವಿನ ಬದಲಾವಣೆಯನ್ನು ಕಿವಿಗೇ ಹಾಕಿಕೊಂಡಿರಲಿಲ್ಲ. ‘ಕೆಎಂಸಿಗೆ ಒಯ್ರೀ’ ಅನ್ನುವುದನ್ನು ಬಿಡದೆ ಕಾದು ಕೂತರು, ಸರ್ಕಾರವೇ ಅವರ ದಾರಿಗೆ ಬಂತು.

ಹಣ ಕೊಟ್ಟವರ ಹೆಸರು ಇಡುವುದು ನಮ್ಮಲ್ಲಿಯದೇ ಚಾಳಿಯೇನಲ್ಲ. ಅಮೆರಿಕದ ಯೇಲ್‌ಗೆ 1718ರಲ್ಲಿ ಆ ಹೆಸರು ಬಂದದ್ದು ಎಲಿಹು ಯೇಲ್ ಕಳಿಸಿದ ಪುಸ್ತಕ ಮತ್ತು ಸರಕಿನ ಮೂಟೆಗಳಿಂದ. ಆತ ಮದ್ರಾಸಿನಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಗವರ್ನರ್ ಆಗಿದ್ದವನು, ದುಡ್ಡು ಮಾಡಿದ್ದೂ ಅಲ್ಲೇ. ಆಸ್ತಿಯನ್ನೇ ಶಿಕ್ಷಣಕ್ಕೆ ಬರೆದಿಟ್ಟ ಶಿರಸಂಗಿ ಲಿಂಗರಾಜರ ಹೆಸರಿನ ಬೆಳಗಾವಿ ಕಾಲೇಜಿನ ಮುಂದೆ ಯೇಲ್‌ನ ವ್ಯವಹಾರ ಬಲು ಅಗ್ಗದ್ದು. ಹುಬ್ಬಳ್ಳಿಯ ಬಿವಿಬಿ ಕಾಲೇಜಿನಲ್ಲಿ ಭೂಮರೆಡ್ಡಿಯವರ ಹೆಸರಿದೆ. ಅದು ಈಗ ಕೆಎಲ್‌ಇ ತಾಂತ್ರಿಕ ವಿಶ್ವವಿದ್ಯಾಲಯ. ಹೀಗಿದ್ದೂ ಆಟೊದವರಿಗೆ ‘ಬಿವಿಬಿ’ ಅಂದರೇ ಸಲೀಸು.

ಅಕ್ಷರವೂ ಬೇಡ, ದಾನಿಯೂ ಬೇಡ ಎಂದಾಗ ಊರು ಗೆಲ್ಲುತ್ತದೆ. ಸರ್ಕಾರಿ ಇಂಜಿನಿಯರಿಂಗ್ ಕಾಲೇಜು ಎಂದರೆ ‘ದೇವಗಿರಿ’. ರಾಣೆಬೆನ್ನೂರು ತಾಲ್ಲೂಕಿನ ಕೃಷಿ ಕಾಲೇಜು ‘ಹನುಮನಮಟ್ಟಿ’. ತೋಟಗಾರಿಕೆ ಇಂಜಿನಿಯರಿಂಗ್ ಮತ್ತು ಆಹಾರ ತಂತ್ರಜ್ಞಾನ ಮಹಾವಿದ್ಯಾಲಯ ಎಂಬ ಉದ್ದನೆಯ ಹೆಸರನ್ನು ಒಂದೇ ಉಸಿರಿಗೆ ಹೇಳಿದ ಕಂಡಕ್ಟರನನ್ನು ನಾನಂತೂ ನೋಡಿಲ್ಲ. ಆತ ‘ದೇವಿಹೊಸೂರ, ದೇವಿಹೊಸೂರ’ ಎಂದು ಕೂಗುತ್ತಾನೆ, ವಿದ್ಯಾರ್ಥಿಗಳು ಇಳಿಯುತ್ತಾರೆ. ಬ್ಯಾಡಗಿಯವರ ಪಾಡು ಬೇರೆ. ‘ಬ್ಯಾಡಗಿ ಕಾಲೇಜು’ ಎಂದರೆ ಹೊರಗಿನವರ ತಲೆಯಲ್ಲಿ ಮೊದಲು ಮೆಣಸಿನಕಾಯಿ ಬರುತ್ತದೆ. ಬಣ್ಣ ಭಾಳ, ಖಾರ ಕಡಿಮೆ ಎಂದು ಹಾಸ್ಟೆಲ್ ಹುಡುಗರು ಕಾಡಿಸುವುದೂ ಉಂಟು.

ಶಿಗ್ಗಾವಿ ತಾಲ್ಲೂಕಿನ ಗೊಟಗೋಡಿಯಲ್ಲಿ 2011ರಲ್ಲಿ ಜಾನಪದ ವಿಶ್ವವಿದ್ಯಾಲಯವಾಯಿತು. ಜಾನಪದಕ್ಕೇ ಒಂದು ವಿಶ್ವವಿದ್ಯಾಲಯ ಎಂದರೆ ಜಿಲ್ಲೆಗೆ ಹೆಮ್ಮೆಯ ಸಂಗತಿ. ಆದರೆ ಹೆಸರು ಕೇಳಿದ ಎಷ್ಟೋ ಮಂದಿ ತಂದೆತಾಯಿಗಳ ಮೊದಲ ಅನುಮಾನ ‘ಅಲ್ಲಿ ಡೊಳ್ಳು ಬಾರಿಸೂದು ಕಲಿಸ್ತಾರೇನ್ರಿ?’ ಎನ್ನುವುದು. ಡೊಳ್ಳು ಕಲಿಸಿದರೂ ತಪ್ಪೇನಿಲ್ಲವಲ್ಲ. ಆದರೆ ಡಿಗ್ರಿ ಹೆಸರು ಕೇಳಿದ ಕೂಡಲೇ ನೌಕರಿ ಕಣ್ಣಿಗೆ ಕಾಣಬೇಕು ಎಂದು ಬಯಸುವ ಮನೆಗಳಲ್ಲಿ ಈ ಹೆಸರು ಸೋಲುತ್ತದೆ.

ಹೆಸರಿನ ಭಾರ ನಿಜವಾಗಿ ತೂಗುವುದು ಧಾರವಾಡದ ಮುಂದೆ. ಹಾವೇರಿ ಜಿಲ್ಲೆ 1997ರಲ್ಲಿ ಬೇರೆಯಾಯಿತು. ಆದರೂ ಬಿ.ಎ., ಬಿ.ಕಾಂ. ಪ್ರಮಾಣಪತ್ರ ಅದಾದ ಕಾಲು ಶತಮಾನವೂ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ್ದೇ. ವರ ನೋಡಲು ಹೋದವರು ‘ಹುಡುಗ ಧಾರವಾಡದಾಗ ಕಲ್ತಾನ’ ಎಂದರೆ ಮುಂದಿನ ಪ್ರಶ್ನೆ ಇರುತ್ತಿರಲಿಲ್ಲ. ಹುಡುಗ ಧಾರವಾಡಕ್ಕೆ ಹೋದದ್ದು ಘಟಿಕೋತ್ಸವಕ್ಕೆ ಮಾತ್ರ ಇರಬಹುದು, ಅದು ಬೇರೆ ಮಾತು. 2023ರಲ್ಲಿ ಕೆರಿಮತ್ತಿಹಳ್ಳಿಯ ಸ್ನಾತಕೋತ್ತರ ಕೇಂದ್ರವೇ ಹಾವೇರಿ ವಿಶ್ವವಿದ್ಯಾಲಯವಾಯಿತು. ಅದೇ ಆವರಣ, ಬಸ್ ಇಳಿಯುವುದೂ ಅಲ್ಲೇ, ಫಲಕದಲ್ಲಿ ಮಾತ್ರ ಬೇರೆ ಊರು. ‘ನಮ್ಮ ಹಾವೇರಿ’ ಎಂದು ಸಂತೆಯಲ್ಲಿ ಎದೆ ತಟ್ಟಿ ಹೇಳುವವರೇ ಮಗನ ಮಾರ್ಕ್ಸ್ ಕಾರ್ಡಿನ ಮೇಲೆ ಆ ಹೆಸರು ಕಂಡು ಸ್ವಲ್ಪ ಸಪ್ಪಗಾದರು. ತಮ್ಮ ಊರಿನ ಹೆಸರು ತಮಗೇ ಸಣ್ಣದಾಗಿ ಕೇಳಿಸಿದ್ದಕ್ಕೆ ಯಾರನ್ನು ದೂರುವುದು?

ಅವರು ಮರೆತ ಮಾತೊಂದಿದೆ. 1949ರಲ್ಲಿ ಶುರುವಾದಾಗ ಕರ್ನಾಟಕ ವಿಶ್ವವಿದ್ಯಾಲಯದ ಕಚೇರಿ ಇದ್ದದ್ದು ಮುಂಬೈಯಲ್ಲಿ, ಮರುವರ್ಷ ಧಾರವಾಡಕ್ಕೆ ಬಂತು. ಆಗ ಕರ್ನಾಟಕ ಎಂಬ ಹೆಸರಿನ ರಾಜ್ಯವೇ ಇರಲಿಲ್ಲ. ರಾಜ್ಯಕ್ಕೆ ಆ ಹೆಸರು ಬಂದದ್ದು 1973ರಲ್ಲಿ. ವಿಶ್ವವಿದ್ಯಾಲಯದ ಹೆಸರು ಅಂದೇ ಭಾರವಾಗಿ ಹುಟ್ಟಲಿಲ್ಲ. ಕಲಿತು ಹೋದ ಮಾಸ್ತರರು, ವಕೀಲರು, ತಹಶೀಲ್ದಾರರು ಅದಕ್ಕೆ ತೂಕ ತುಂಬಿದರು.

ಹಾವೇರಿಗೆ ಅಷ್ಟು ಕಾಲ ಸಿಗುತ್ತದೋ ಎಂಬ ಪ್ರಶ್ನೆಯೂ ಬೇಗನೇ ಬಂತು. 2025ರ ಫೆಬ್ರುವರಿಯಲ್ಲಿ ಸಚಿವ ಸಂಪುಟದ ಉಪಸಮಿತಿ ಒಂಬತ್ತು ಹೊಸ ವಿಶ್ವವಿದ್ಯಾಲಯಗಳನ್ನು ಮುಚ್ಚುವ ಮಾತಾಡಿತು, ಅದರಲ್ಲಿ ಹಾವೇರಿಯೂ ಇತ್ತು. ವಿದ್ಯಾರ್ಥಿಗಳು, ಸಂಘಟನೆಗಳು ವಿರೋಧಿಸಿದರು. ಹೆಸರು ಸಣ್ಣದೆಂದು ಮೂಗು ಮುರಿದಿದ್ದ ಹಿರಿಯರೇ ಆಗ ‘ಇದ್ದದ್ದನ್ನ ಯಾಕ ತಗೀತಾರ?’ ಎನ್ನತೊಡಗಿದ್ದರು. ಕಾರಹುಣ್ಣಿಮೆಗೆ ಸುತ್ತಲ ಊರವರನ್ನೆಲ್ಲ ಕರೆಸಿಕೊಳ್ಳುವ ಕರ್ಜಗಿಯಲ್ಲಿ ಕಟ್ಟೆ ಮೇಲೆ ಕೂತವರ ಚರ್ಚೆ ಮಾತ್ರ ಇನ್ನೂ ನೇರವಾಗಿತ್ತು: ‘ಎರಡು ವರ್ಷ ಹಾವೇರಿ ಅಂತ ಬರೆದು, ಮೂರನೇದ್ದಕ್ಕ ಧಾರವಾಡ ಅಂತ ಬರೀತಾರೇನು? ಕಾರ್ಡ್ ನೋಡಿದ ಬೀಗರು ಏನಂತಾರ?’