ಲ್ಯಾಪ್‌ಟಾಪಿನ ಶುದ್ಧಿಸಂಸ್ಕಾರ

ಸಂಸ್ಕಾರವು ಎರಡು ವಿಧವೆಂದು ಶಾಸ್ತ್ರಜ್ಞರು ಹೇಳುವರು: ಇರುವ ದೋಷವನ್ನು ಕಳೆಯುವುದು ಒಂದು, ಇಲ್ಲದ ಗುಣವನ್ನು ಕೂಡಿಸುವುದು ಇನ್ನೊಂದು. ಈಗ ಮನೆಮನೆಗೂ ಬಂದಿರುವ ಲ್ಯಾಪ್‌ಟಾಪಿಗೆ ಮೊದಲನೆಯದೇ ಹೆಚ್ಚು ಅವಶ್ಯಕವೆಂದು ನಮ್ಮ ಅಭಿಪ್ರಾಯ.

ಕೃಷ್ಣರಾಜಪೇಟೆ ತಾಲ್ಲೂಕಿನ ನಮ್ಮ ಸಿಂಧಘಟ್ಟದಂತಹ ಗ್ರಾಮಗಳಲ್ಲಿ, ಕಬ್ಬಿನ ಬಿಲ್ಲು ಕೈಸೇರಿದ ವರ್ಷ ಕಾಲೇಜಿಗೆ ಹೋಗುವ ಮಗನಿಗೋ ಮಗಳಿಗೋ ಲ್ಯಾಪ್‌ಟಾಪು ಕೊಳ್ಳುವುದುಂಟು. ಎರಡು ವರ್ಷ ಕಳೆಯುವುದರೊಳಗೆ ಅದು ಆಮೆಯ ನಡಿಗೆ ಹಿಡಿಯುವುದು. ಬೇರೆ ಕೊಳ್ಳಿರೆಂಬ ಉಪದೇಶವೂ ಒಡನೆಯೇ ದೊರೆಯುವುದು. ಆದರೆ ಅನೇಕ ವೇಳೆ ಯಂತ್ರವು ನಿರ್ದೋಷವಾಗಿರುವುದು. ಮಾರುವ ಮುನ್ನವೇ ತಯಾರಕರು ತುಂಬಿದ ತಂತ್ರಾಂಶಗಳೇ ಅದಕ್ಕೆ ಹೊರೆಯಾಗಿರುವುವು. ಕೆಲವು ದಿನ ಪುಕ್ಕಟೆಯಾಗಿ ದುಡಿದು ಬಳಿಕ ಹಣ ಕೇಳುವ ವೈರಸ್ ನಿರೋಧಕಗಳು, ಯಾರೂ ಬಯಸದ ಆಟಗಳು ಮೊದಲಾದುವು ಇಂಥವು. ಇವುಗಳನ್ನು ಸೇರಿಸುವುದಕ್ಕಾಗಿ ತಯಾರಕರಿಗೆ ಹಣವೂ ಸಲ್ಲುವುದುಂಟು.

ಈ ಉಪದ್ರವವು ನಿಧಾನಗತಿಯೊಂದರಲ್ಲಿಯೇ ಮುಗಿಯದು. 2014ರ ಉತ್ತರಾರ್ಧದಲ್ಲಿ ಮಾರಾಟವಾದ ಲೆನೊವೊ ಕಂಪೆನಿಯ ಕೆಲವು ಲ್ಯಾಪ್‌ಟಾಪುಗಳಲ್ಲಿ ‘ಸೂಪರ್‌ಫಿಶ್’ ಎಂಬ ಜಾಹೀರಾತಿನ ತಂತ್ರಾಂಶವಿತ್ತು. ಬ್ಯಾಂಕು ಮೊದಲಾದವುಗಳೊಡನೆ ನಡೆಯುವ ಗುಪ್ತಸಂವಹನದ ನಡುವೆಯೂ ಅದು ಪ್ರವೇಶಿಸಬಲ್ಲುದಾಗಿತ್ತು. 2015ರ ಫೆಬ್ರವರಿಯಲ್ಲಿ ಈ ವಿಷಯ ಬಯಲಾಗಲು ಕಂಪೆನಿಯೇ ಅದನ್ನು ತೆಗೆಯುವ ಸಾಧನವನ್ನು ಒದಗಿಸಿತು. 2017ರಲ್ಲಿ ಅಮೆರಿಕದ 32 ರಾಜ್ಯಗಳಿಗೆ 35 ಲಕ್ಷ ಡಾಲರು ತೆರಲು ಒಪ್ಪಿತು. ಬೇಡದ ಅತಿಥಿಯು ಮನೆಯ ಬೀಗದ ಕೈಯನ್ನೂ ಹಿಡಿದಿರಬಹುದೆಂಬುದಕ್ಕೆ ಇದು ನಿದರ್ಶನ.

ಇನ್ನು ಪರಿಹಾರಕ್ರಮ. ಯಂತ್ರದಲ್ಲಿಯೇ ಅಡಗಿರುವ ತಯಾರಕರ ‘ರಿಕವರಿ’ ಭಾಗದಿಂದ ಪುನಃಸ್ಥಾಪನೆ ಮಾಡಿದರೆ ಪ್ರಯೋಜನ ಕಡಿಮೆ. ಕಳೆಯ ಬೀಜ ಬೆರೆತ ಭತ್ತವನ್ನೇ ಮತ್ತೆ ಬಿತ್ತಿದಂತಾಗುವುದು. ಮೈಕ್ರೋಸಾಫ್ಟ್ ಕಂಪೆನಿಯವರು ತಮ್ಮ ಜಾಲತಾಣದಲ್ಲಿ ‘ಮೀಡಿಯಾ ಕ್ರಿಯೇಷನ್ ಟೂಲ್’ ಎಂಬ ಸಾಧನವನ್ನು ಉಚಿತವಾಗಿ ಕೊಡುವರು. ಅದರಿಂದ 8 ಜಿಬಿಗೆ ಕಡಿಮೆಯಿಲ್ಲದ ಪೆನ್‌ಡ್ರೈವಿನಲ್ಲಿ ಶುದ್ಧವಾದ ವಿಂಡೋಸನ್ನು ಸಿದ್ಧಪಡಿಸಿಕೊಳ್ಳತಕ್ಕದ್ದು. ಆ ಪೆನ್‌ಡ್ರೈವಿನಲ್ಲಿ ಮೊದಲಿದ್ದುದೆಲ್ಲವೂ ಅಳಿಯುವುದಾದುದರಿಂದ ಬರಿದಾದುದನ್ನೇ ಆರಿಸಬೇಕು.

ವಿಂಡೋಸನ್ನು ಮತ್ತೆ ಕೊಳ್ಳಬೇಕೆಂಬ ಭಯ ಬೇಡ. ವಿಂಡೋಸಿನೊಡನೆ ಮಾರಾಟವಾದ ಇತ್ತೀಚಿನ ಲ್ಯಾಪ್‌ಟಾಪುಗಳಲ್ಲಿ ಪರವಾನಗಿಯ ಸಂಖ್ಯೆಯು ಸಾಮಾನ್ಯವಾಗಿ ಮದರ್‌ಬೋರ್ಡಿನಲ್ಲಿಯೇ ನೆಲಸಿರುವುದು. ಹೋಮ್ ಇದ್ದಲ್ಲಿ ಹೋಮ್, ಪ್ರೊ ಇದ್ದಲ್ಲಿ ಪ್ರೊ, ಹೀಗೆ ಅದೇ ಆವೃತ್ತಿಯನ್ನು ಸ್ಥಾಪಿಸಿದರೆ, ಇಂಟರ್‌ನೆಟ್ ಸಂಪರ್ಕವಾದೊಡನೆ ಅದು ತಾನಾಗಿ ಊರ್ಜಿತವಾಗುವುದು.

ಸ್ಥಾಪಿಸುವಾಗ ಹಳೆಯ ವಿಭಾಗಗಳನ್ನು ಅಳಿಸಬೇಕಾಗುವುದು. ಅಳಿಸಿದುದು ಮತ್ತೆ ಬಾರದು. ಆದಕಾರಣ ಭಾವಚಿತ್ರಗಳು, ಪಹಣಿಯ ಪ್ರತಿಗಳು, ಮಕ್ಕಳ ಪಾಠಗಳು ಇವೆಲ್ಲವನ್ನೂ ಮುಂಚೆಯೇ ಬೇರೊಂದು ಡಿಸ್ಕಿಗೆ ನಕಲು ಮಾಡಿ, ತೆರೆದು ನೋಡಿ, ಖಚಿತಪಡಿಸಿಕೊಳ್ಳಬೇಕು. ವೈಫೈ ನಡೆಯಿಸುವ ಡ್ರೈವರನ್ನು ತಯಾರಕರ ಜಾಲತಾಣದಿಂದ ಮೊದಲೇ ಇಳಿಸಿಟ್ಟುಕೊಳ್ಳುವುದು ವಿವೇಕ. ಇಲ್ಲವಾದರೆ ಬಾವಿಗಿಳಿದ ಮೇಲೆ ಹಗ್ಗವನ್ನರಸಿದಂತಾದೀತು.

ಕನ್ನಡಿಗರು ವಿಶೇಷವಾಗಿ ಗಮನಿಸತಕ್ಕ ವಿಷಯವೊಂದುಂಟು. ಕನ್ನಡ ಗಣಕ ಪರಿಷತ್ತಿನ ‘ನುಡಿ’ಯ ಹಳೆಯ ಅಕ್ಷರಗಳಲ್ಲಿ ಬರೆದಿಟ್ಟ ಲೇಖನಗಳು, ಆ ಫಾಂಟುಗಳು ಅಳಿದುಹೋದರೆ, ಅರ್ಥವಿಲ್ಲದ ರೋಮನ್ ಲಿಪಿಯಾಗಿ ಕಾಣುವುವು. ಬರಹವು ನಾಶವಾಯಿತೆಂದು ಗಾಬರಿಗೊಂಡು ಅಳಿಸಿಬಿಡಬಾರದು. ನುಡಿಯನ್ನು ಮತ್ತೆ ಸ್ಥಾಪಿಸಿದರೆ ಅಕ್ಷರಗಳು ಮರಳುವುವು. ಯೂನಿಕೋಡಿಗೆ ಪರಿವರ್ತಿಸಿಟ್ಟರೆ ಈ ಭಯವೇ ಇರದು.

ಇಷ್ಟಾದರೂ ವಿಂಡೋಸಿನೊಡನೆಯೇ ಬರುವ ಒಂದೆರಡು ಕ್ಷುದ್ರ ತಂತ್ರಾಂಶಗಳು ಉಳಿದಾವು. ಅವನ್ನು ಒಂದೊಂದಾಗಿ ತೆಗೆಯಬಹುದು. ವೈರಸ್ ರಕ್ಷಣೆಗೆ ವಿಂಡೋಸಿನಲ್ಲಿಯೇ ಇರುವ ಡಿಫೆಂಡರ್ ಗೃಹಕೃತ್ಯಕ್ಕೆ ಸಾಕು. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟಿನ ಸಾಮಾನ್ಯ ಪೋಷಣೆಯು 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11ನ್ನು ಹೊರಲಾರದ ಹಳೆಯ ಯಂತ್ರಗಳಿಗೆ ಲಿನಕ್ಸ್ ಮಿಂಟ್ ಮೊದಲಾದ ಉಚಿತ ವ್ಯವಸ್ಥೆಗಳುಂಟು. ಅವುಗಳಲ್ಲಿಯೂ ಕನ್ನಡ ಬರೆಯಬಹುದು.

ಈ ಕಾರ್ಯಕ್ಕೆ ಒಂದು ಮಧ್ಯಾಹ್ನದ ಬಿಡುವು, ಒಂದು ಪೆನ್‌ಡ್ರೈವು, ಕೊಂಚ ತಾಳ್ಮೆ ಇಷ್ಟೇ ಬಂಡವಾಳ. ಹೊಸ ಯಂತ್ರಕ್ಕೆ ಸಾಲ ಮಾಡುವ ಮೊದಲು ಗೃಹಸ್ಥರು ಇದನ್ನೊಮ್ಮೆ ಪರೀಕ್ಷಿಸಲಿ. ಬೆವರಿನ ಹಣದಿಂದ ಕೊಂಡ ವಸ್ತುವಿನೊಳಗೆ ಏನಿರಬೇಕೆಂಬುದನ್ನು ನಿರ್ಣಯಿಸುವ ಅಧಿಕಾರವು ಕೊಂಡವನದಾಗಿರಬೇಕಲ್ಲದೆ ಮಾರಿದವನದಾಗಬಾರದು.