ಹೆಸರಿನಲ್ಲೇ ಹುಳಿ, ಖಾರ

ತುಳುವಿನಲ್ಲಿ 'ಪುಳಿ' ಎಂದರೆ ಹುಳಿ, 'ಮುಂಚಿ' ಎಂದರೆ ಮೆಣಸು. ನಮ್ಮ ಕರಾವಳಿಯ ಬಂಗುಡೆ ಪುಳಿಮುಂಚಿಯ ಗುಟ್ಟೆಲ್ಲ ಈ ಹೆಸರಿನಲ್ಲೇ ಇದೆ. ಮಲಯ ಜನರ 'ಆಸಮ್ ಪೆದಸ್' ಎಂಬ ಮೀನುಸಾರಿನ ಹೆಸರಿಗೂ ಅದೇ ಅರ್ಥ.

ಪುಣೆಗೆ ಕಡಲಿಲ್ಲ. ಮಂಜುಗಡ್ಡೆಯಲ್ಲಿ ಬಂದ ಬಂಗುಡೆಯನ್ನು ನಾವು ಪೇಟೆಯಿಂದ ತರುತ್ತೇವೆ. ಇಲ್ಲಿ ಅದು 'ಬಾಂಗಡಾ'. ಬ್ಯಾಡಗಿ ಮೆಣಸು, ಕೊತ್ತಂಬರಿ, ಜೀರಿಗೆ, ತುಸು ಮೆಂತ್ಯ ಹುರಿದು, ಹುಣಿಸೆಹಣ್ಣು, ಬೆಳ್ಳುಳ್ಳಿ, ಅರಸಿನದೊಡನೆ ನುಣ್ಣಗೆ ಅರೆಯಬೇಕು. ಮಸಾಲೆ ಚೆನ್ನಾಗಿ ಕುದಿದ ಮೇಲೆಯೇ ಮೀನು ಹಾಕಬೇಕು. ಆಮೇಲೆ ಸೌಟಾಡಿಸಬಾರದು, ಪಾತ್ರೆಯನ್ನೇ ಅಲುಗಿಸಬೇಕು. ತೆಂಗಿನಕಾಯಿ ಬೇಡ. ಮರುದಿನ ಇದರ ರುಚಿ ಇನ್ನೂ ಹೆಚ್ಚು.

ನಮ್ಮ ಮಕ್ಕಳು ಈಗ ಇದನ್ನು 'ಬಾಂಗಡಾ ಕರಿ' ಎನ್ನತೊಡಗಿದ್ದಾರೆ. ಹೆಸರು ಹೋದರೆ ಹುಳಿಯೆಷ್ಟು, ಖಾರವೆಷ್ಟು ಎಂಬ ನೆನಪೂ ಹೋದೀತು. ಬಡಿಸುವಾಗ ಹೆಸರನ್ನೂ ಹೇಳಿ ಬಡಿಸೋಣ.